ಹೆಂಚು ಮೊದಲು ಅಂತೀರಲ್ಲ ಮಾಸ್ತರ್ರೇ (ಸಂಪಾದಕರ ಉತ್ತರ)

ನಮ್ಮ ಉತ್ತರ ಕನ್ನಡದ ಅಂಕೋಲಾ ಕಡೆಯ ಒಬ್ಬ ನಿವೃತ್ತ ಮಾಸ್ತರ್ರು ನಾಲ್ಕು ಪುಟದ ಪತ್ರ ಬರ್ದಿದ್ದಾರೆ. ಪೂರ್ತಿ ಹಾಕೋಕೆ ಜಾಗ ಇಲ್ಲ, ತಿರುಳು ಇಷ್ಟು: "ಹೋದ ಸಂಚಿಕೆಯಲ್ಲಿ ಹೈಸ್ಕೂಲಿನ ಪರಿಸರ ಪಾಠಕ್ಕೆ ಸರ್ಕಾರ ಬೇರೆ ದುಡ್ಡು ಇಡ್ಬೇಕು ಅಂತ ಬರ್ದಿದ್ರಿ. ನಮ್ಮೂರ ಹೈಸ್ಕೂಲಲ್ಲಿ ಮಳೆ ಬಂದ್ರೆ ಒಂಬತ್ತನೇ ಕ್ಲಾಸಿನ ಹೆಂಚು ಸೋರ್ತದೆ. ಗಣಿತಕ್ಕೆ ಅತಿಥಿ ಶಿಕ್ಷಕರು, ಅವರ ಗೌರವಧನ ಯಾವಾಗ ಬರ್ತದೋ ದೇವರಿಗೇ ಗೊತ್ತು. ಇದರ ನಡುವೆ ಪರಿಸರಕ್ಕೆ ಅಂತ ದುಡ್ಡು ಯಾಕೆ? ಕಾಡು, ಸಮುದ್ರದ ಮಧ್ಯೆ ಹುಟ್ಟಿದ ಮಕ್ಕಳಿಗೆ ಅದರ ಪಾಠ ಬೇರೆ ಹೇಳ್ಬೇಕಾ? ನಮ್ಮ ತುಳಸಿ ಗೌಡ ಯಾವ ಶಾಲೆಗೆ ಹೋಗಿದ್ರು?"

ಮಾಸ್ತರ್ರೇ, ಹೆಂಚಿನ ಮಾತು ಖರೆ. ಅತಿಥಿ ಶಿಕ್ಷಕರ ಮಾತೂ ಖರೆ, ಸೋರೋ ಕ್ಲಾಸಲ್ಲಿ ಕೂತ ಹುಡುಗನಿಗೆ ಆಹಾರ ಸರಪಳಿ ಹೇಳೋದು ಚಂದ ಅಲ್ಲ. ಅದನ್ನ ಯಾರೂ ಅಲ್ಲ ಅನ್ನೋದಿಲ್ಲ. ಆದ್ರೆ ಹೆಂಚು ರಿಪೇರಿ ದುಡ್ಡು ಬೇರೆ ಹೆಡ್ಡು, ಇದು ಬೇರೆ ಹೆಡ್ಡು, ಇದನ್ನ ನಿಲ್ಸಿದ್ರೆ ಅದು ಬರ್ತದೆ ಅಂತ ಸರ್ಕಾರದ ಲೆಕ್ಕ ಬರ್ಯೋ ಯಾವ ಗುಮಾಸ್ತನೂ ಹೇಳೋದಿಲ್ಲ. ಮೂವತ್ತು ವರ್ಷ ಪಾಠ ಹೇಳಿದ ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು.

ಆದ್ರೆ ತುಳಸಿ ಗೌಡರ ಹೆಸರು ತಂದಿರಲ್ಲ, ಅಲ್ಲಿ ನಿಮ್ಮನ್ನ ಸುಮ್ನೆ ಬಿಡಲ್ಲ. ಸಸಿ ಬೆಳೆಸಿ ಹೆಸರಾದ ಹೊನ್ನಳ್ಳಿಯ ಆ ಅಜ್ಜಿ ಶಾಲೆ ಮೆಟ್ಟಿಲು ಹತ್ತಿಲ್ಲ, ನಿಜ. 2021ರಲ್ಲಿ ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತಗೊಂಡಾಗ ಇಡೀ ದೇಶ ಅದನ್ನೇ ಹೇಳ್ತು. ಆದ್ರೆ ಅವರು ಕಲ್ತದ್ದು ಎಲ್ಲಿ? ಅರಣ್ಯ ಇಲಾಖೆಯ ನರ್ಸರಿಯಲ್ಲಿ. ಚಿಕ್ಕವರಿದ್ದಾಗಲೇ ಅಮ್ಮನ ಜೊತೆ ಹೋಗಿ, ದಿನಗೂಲಿಯಲ್ಲಿ ವರ್ಷಗಟ್ಟಲೆ ಬೀಜ ಆರ್ಸಿ, ಮಡಿ ಮಾಡಿ, ಸಸಿ ಸತ್ತರೆ ಯಾಕೆ ಸತ್ತಿತು ಅಂತ ನೋಡಿ, ಕೊನೆಗೆ ಕಾಯಂ ಆದ್ರು. ಅಂದ್ರೆ ಸರ್ಕಾರ ಅವರ ಕಲಿಕೆಗೆ ದುಡ್ಡು ಕೊಟ್ಟಿದೆ ಮಾಸ್ತರ್ರೇ, ಕೂಲಿ ಅಂತ ಬರ್ಕೊಂಡು ಕೊಟ್ಟಿದೆ ಅಷ್ಟೇ. ಬರೀ ಕಾಡಿನ ಪಕ್ಕ ಹುಟ್ಟಿದ್ದಕ್ಕೆ ಬಂದ ವಿದ್ಯೆ ಅಲ್ಲ ಅದು. ಹಾಗೆ ಬರೋದಾದ್ರೆ ಅವರ ವಾರಿಗೆಯವರೆಲ್ಲ ತುಳಸಿ ಗೌಡ ಆಗ್ಬೇಕಿತ್ತು. 2024ರ ಡಿಸೆಂಬರಿನಲ್ಲಿ ಅವರು ಹೋದ್ರು, ಅವರ ತಲೆಯಲ್ಲಿದ್ದದ್ದರಲ್ಲಿ ನಮ್ಮ ಹೈಸ್ಕೂಲ್ ಮಕ್ಕಳಿಗೆ ಎಷ್ಟು ದಾಟಿದೆ ಅಂತ ನೀವೇ ಹೇಳಿ.

ಇನ್ನು ದುಡ್ಡಿನ ಕಥೆ. 1991ರಲ್ಲಿ ವಕೀಲ ಎಂ.ಸಿ. ಮೆಹ್ತಾ ಹಾಕಿದ ಕೇಸಲ್ಲಿ ಸುಪ್ರೀಂ ಕೋರ್ಟು ಪರಿಸರವನ್ನ ಶಾಲೆ-ಕಾಲೇಜಲ್ಲಿ ಕಡ್ಡಾಯ ಮಾಡಿ ಅಂತು, ಟಾಕೀಸಲ್ಲಿ ಪಿಕ್ಚರ್ ಮೊದಲು ಸ್ಲೈಡು ತೋರ್ಸಿ ಅಂತ ಕೂಡ ಹೇಳಿತ್ತು. ಹನ್ನೆರಡು ವರ್ಷ ಯಾರೂ ಅಲ್ಲಾಡ್ಲಿಲ್ಲ, 2003ರಲ್ಲಿ ಕೋರ್ಟು ಮತ್ತೆ ಗದರಿಸ್ಬೇಕಾಯ್ತು, ಆಗ ಎನ್‌ಸಿಇಆರ್‌ಟಿ (ಕೇಂದ್ರದ ಪಠ್ಯಪುಸ್ತಕ ಮಾಡೋ ಸಂಸ್ಥೆ) ಸಿಲೆಬಸ್ ಮಾಡ್ತು. ಆಮೇಲೆ 2005ರ ಪಠ್ಯಕ್ರಮ ಚೌಕಟ್ಟು ಬಂತು, ಪರಿಸರವನ್ನ ಎಲ್ಲಾ ವಿಷಯದ ಒಳಗೂ ಸೇರ್ಸಿ ಅಂತ. ಓದೋಕೆ ಚಂದ. ಎಲ್ಲಾ ವಿಷಯದಲ್ಲೂ ಇದೆ ಅಂದ ಮೇಲೆ ಯಾವ ಮಾಸ್ತರ್ರ ಮೇಲೂ ಇಲ್ಲ, ಯಾವ ಪೀರಿಯಡ್ಡೂ ಇಲ್ಲ. ಸಮಾಜ ವಿಜ್ಞಾನದಲ್ಲಿ ಮರ ಉಳಿಸೋ ಅಪ್ಪಿಕೋ ಚಳವಳಿ ಒಂದು ಪ್ಯಾರಾ, ವಿಜ್ಞಾನದಲ್ಲಿ ಓಝೋನ್ ಒಂದು ಚಿತ್ರ. ಎನ್‌ಸಿಇಆರ್‌ಟಿಯವರು ಪಠ್ಯದ ಹೊರೆ ಇಳಿಸ್ತೇವೆ ಅಂತ ಹೊರಟಾಗ ಹತ್ತನೇ ಕ್ಲಾಸಿನ ವಿಜ್ಞಾನದಿಂದ ನೈಸರ್ಗಿಕ ಸಂಪನ್ಮೂಲಗಳ ನಿರ್ವಹಣೆ ಅನ್ನೋ ಪಾಠವನ್ನೇ ಇಳಿಸಿಬಿಟ್ರು.

ರಾಷ್ಟ್ರೀಯ ಹಸಿರು ಪಡೆ ಅಂತ 2001ರ ಸುಮಾರಿಗೆ ಶುರುವಾಯ್ತಲ್ಲ, ಅದರಲ್ಲಿ ಶಾಲೆಯ ಒಂದು ಇಕೋ ಕ್ಲಬ್ಬಿಗೆ (ಮಕ್ಕಳ ಪರಿಸರ ಸಂಘಕ್ಕೆ) ವರ್ಷಕ್ಕೆ 2,500 ರೂಪಾಯಿ. ಶಾಲೆ ನಡ್ಯೋ ಹತ್ತು ತಿಂಗಳಿಗೆ ಹಂಚಿ ನೋಡಿ, ತಿಂಗಳಿಗೆ 250. ಅದು 5,000 ಆಯ್ತು, ಆಮೇಲೆ ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಯೂತ್ ಮತ್ತು ಇಕೋ ಕ್ಲಬ್ ಅಂತ ಒಟ್ಟು ಮಾಡಿ ಹೈಸ್ಕೂಲಿಗೆ 25,000ದವರೆಗೆ ಅಂದ್ರು. 'ವರೆಗೆ' ಅನ್ನೋದನ್ನ ಗಮನಿಸಿ. ಯೂತ್ ಅಂದ್ರೆ ಆಟೋಟ, ಚರ್ಚಾಸ್ಪರ್ಧೆ ಎಲ್ಲಾ ಸೇರಿ. ಅದು ಶಾಲೆಗೆ ಮುಟ್ಟೋದು ಫೆಬ್ರವರಿ ಹೊತ್ತಿಗೆ, ಮಾರ್ಚಿನೊಳಗೆ ಯುಟಿಲೈಸೇಶನ್ ಸರ್ಟಿಫಿಕೇಟ್ ಕೊಡ್ಬೇಕು, ಆಗ ಹೆಡ್‌ಮಾಸ್ತರ್ರು ಏನ್ ಮಾಡ್ತಾರೆ? ಫ್ಲೆಕ್ಸ್ ಮಾಡಿಸ್ತಾರೆ! ಘಟ್ಟದ ಮೇಲಿನ ಒಂದು ಶಾಲೆ ಗೇಟಲ್ಲಿ ನಾನೇ ಕಣ್ಣಾರೆ ನೋಡಿದ್ದು, "ಪ್ಲಾಸ್ಟಿಕ್ ತ್ಯಜಿಸಿ, ಪರಿಸರ ಉಳಿಸಿ" ಅಂತ ಇಷ್ಟುದ್ದದ ಫ್ಲೆಕ್ಸು, ಹಸಿರು ಬಣ್ಣ, ಕೆಳಗೆ ಎಂಟು ಜನರ ಫೋಟೋ. ನಮ್ಮ ರಾಜ್ಯದಲ್ಲಿ ಫ್ಲೆಕ್ಸನ್ನೇ 2016ರಲ್ಲಿ ಬ್ಯಾನ್ ಮಾಡಿದ್ದಾರೆ ಮಾರಾಯ್ರೇ.

ಅದಕ್ಕೇ ನಾನು ಹೇಳೋದು, ದುಡ್ಡು ಬೇಕು, ಆದ್ರೆ ಪೋಸ್ಟರಿಗಲ್ಲ, ಡಸ್ಟ್‌ಬಿನ್ನಿಗಲ್ಲ, ಜೂನ್ 5ರ ಸಸಿಗಂತೂ ಅಲ್ಲ. ಎರಡಕ್ಕೆ ಬೇಕು: ಮಕ್ಕಳನ್ನ ಹೊರಗೆ ಕರ್ಕೊಂಡು ಹೋಗೋ ಬಸ್ಸಿಗೆ, ಮತ್ತೆ ಅಲ್ಲಿ ಪಾಠ ಹೇಳೋ ಊರಿನವರ ಗೌರವಧನಕ್ಕೆ.

ಒಂದು ಉದಾಹರಣೆ ಕೊಡ್ತೇನೆ. ಶಿರಸಿ ಹೈಸ್ಕೂಲಿನ ಒಂಬತ್ತನೇ ಕ್ಲಾಸನ್ನ ಕುಮಟಾದ ಮಾಣಿಕಟ್ಟಾ ಕಡೆ ಗಜನಿಗೆ (ಉಪ್ಪುನೀರು ನುಗ್ಗೋ ಗದ್ದೆಗೆ) ಇಳಿಸಿ. ಶಿರಸಿಯಲ್ಲಿ ಹುಟ್ಟೋ ಅಘನಾಶಿನಿ, ಒಂದು ಅಣೆಕಟ್ಟೂ ಇಲ್ದೆ ತದಡಿ ಹತ್ರ ಸಮುದ್ರ ಸೇರೋದನ್ನ ಆ ಮಕ್ಕಳು ನೋಡೇ ಇರೋದಿಲ್ಲ. ಅಲ್ಲಿ ಕಗ್ಗ ಬೆಳ್ಯೋ ಒಬ್ರು ಅಜ್ಜನಿಗೆ ಒಂದು ದಿನದ ಸಂಬಳ ಕೊಟ್ಟು ನಿಲ್ಸಿ. ಕಗ್ಗ ಅಂದ್ರೆ ಉಪ್ಪುನೀರಿಗೂ ಜಗ್ಗದ, ನೆರೆಯಲ್ಲಿ ಮುಳುಗಿದ್ರೂ ಎದ್ದು ನಿಲ್ಲೋ ಭತ್ತ, ಗೊಬ್ಬರ ಕೇಳಲ್ಲ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಗದ್ದೆಗೆ ನೀರು ಬಿಡೋ, ತಡೆಯೋ ಜಂತ್ರಡಿ ಹಲಗೆ ಯಾವಾಗ ಎತ್ತೋದು ಯಾವಾಗ ಇಳಿಸೋದು ಅಂತ ಅಜ್ಜ ಹೇಳ್ತಾರೆ. ನೀರು ಏರೋ ಹೊತ್ತು ದಿನಕ್ಕೆ ಹತ್ರಹತ್ರ 50 ನಿಮಿಷ ಮುಂದೆ ಹೋಗ್ತದೆ, ಅಮಾವಾಸ್ಯೆ ಹುಣ್ಣಿಮೆಗೆ ಜೋರು, ಅಷ್ಟಮಿಗೆ ಸಣ್ಣ. ಇಲ್ಲಿ ಚಂದ್ರನ ಗುರುತ್ವ ಬಂತು, ಮಳೆಗಾಲಕ್ಕೆ ಉಪ್ಪಿನಂಶ ಯಾಕೆ ಇಳೀತದೆ ಅಂತ ರಸಾಯನ ಬಂತು, ಉಪ್ಪುನೀರಲ್ಲಿ ಬೆಳ್ಯೋ ಕಾಂಡ್ಲಾ ಗಿಡದ ಬೇರು ಮಣ್ಣಿಂದ ಯಾಕೆ ಮೇಲೆ ಬರ್ತದೆ ಅಂತ ಜೀವಶಾಸ್ತ್ರ ಬಂತು, ಬೆಳಚು (ಚಿಪ್ಪುಜೀವಿ) ಆರ್ಸೋ ಹೆಂಗಸರ ಹತ್ರ ಕೂತ್ರೆ ಅರ್ಥಶಾಸ್ತ್ರ ಬಂತು. 2024ರಲ್ಲಿ ಈ ಅಳಿವೆಗೆ ರಾಮ್ಸಾರ್ (ಜಾಗತಿಕ ಮಹತ್ವದ ಜೌಗು ಪ್ರದೇಶ) ಪಟ್ಟ ಸಿಕ್ತು, ಹೊರದೇಶದವರು ಬಂದು ನೋಡೋ ಜಾಗ, ನಮ್ಮ ಮಕ್ಕಳು ಮಾತ್ರ ಕೊಂಕಣ ರೈಲ್ವೆ ಕಿಟಕಿಯಿಂದ ನೋಡಿ ಮುಂದೆ ಹೋಗ್ತಾರೆ.

ಬಸ್ ಬಾಡಿಗೆ ಎಷ್ಟಾಗ್ತದೆ ಅಂತ ಕೇಳ್ತೀರಿ. ವಾರ್ಷಿಕ ಪ್ರವಾಸಕ್ಕಿಂತ ಖಂಡಿತ ಕಡಿಮೆ. ಕರಾವಳಿ ಮಕ್ಕಳನ್ನ ರಾತ್ರಿಯಿಡೀ ಬಸ್ಸಲ್ಲಿ ಕೂರ್ಸಿ ಬೆಂಗಳೂರಿನ ವಾಟರ್ ಪಾರ್ಕಿಗೆ ನೀರು ತೋರ್ಸೋಕೆ ಕರ್ಕೊಂಡು ಹೋಗ್ತೇವಲ್ಲ, ಅದಕ್ಕೆ ಪಾಲಕರು ಕೈ ಬಿಚ್ಚಿ ಕೊಡ್ತಾರೆ.

ಹತ್ತನೇ ಕ್ಲಾಸಿನ ರಿಸಲ್ಟ್ ಒತ್ತಡ ಇದೆ, ಜಿಲ್ಲಾ ಶಿಕ್ಷಣಾಧಿಕಾರಿ (ಡಿಡಿಪಿಐ) ಮೀಟಿಂಗಲ್ಲಿ ಶೇಕಡಾ ಕೇಳ್ತಾರೆ, ಒಪ್ಪಿದೆ. ಅದಕ್ಕೇ ಎಂಟು, ಒಂಬತ್ತರಲ್ಲಿ ಮಾಡಿ ಅಂದದ್ದು.

ನೀವು ಇದನ್ನ ಶೋಕಿ ಅಂದ್ಕೊಂಡಂಗಿದೆ. ಶಿರೂರು ನಿಮ್ಮ ತಾಲೂಕಲ್ಲೇ ಇದೆ ಮಾಸ್ತರ್ರೇ. 2024ರ ಜುಲೈ 16ಕ್ಕೆ ಚತುಷ್ಪಥಕ್ಕೆ ಅಂತ ಗುಡ್ಡ ಕಡ್ದ ಜಾಗ ಕುಸಿದು ಹೆದ್ದಾರಿ ದಾಟಿ ಗಂಗಾವಳಿಗೆ ಬಿತ್ತು, ಆಚೆ ದಡದ ಉಳುವರೆಯಲ್ಲಿ ಮನೆಗಳು ಹೋದ್ವು. ಆ ದಾರಿಯಲ್ಲಿ ಬಸ್ಸಲ್ಲಿ ಓಡಾಡೋ ಹುಡುಗಿಗೆ ಭೂಕುಸಿತದ ವ್ಯಾಖ್ಯೆ ಬಾಯಿಪಾಠ ಇದೆ, ಗುಡ್ಡದ ಮೇಲೆ ಬಿರುಕು ಬಿಟ್ರೆ, ಒರತೆಯಲ್ಲಿ ಕೆಂಪು ನೀರು ಬಂದ್ರೆ ಏನರ್ಥ ಅಂತ ಯಾರೂ ಹೇಳಿಲ್ಲ. ಸಿದ್ದಾಪುರಕ್ಕೆ ಹೋಗಿ, ಮಂಗನ ಕಾಯಿಲೆ. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರಲ್ಲಿ ಗುರುತು ಸಿಕ್ಕ ರೋಗ, ಇವತ್ತಿಗೂ ಬೇಸಿಗೆ ಬಂದ್ರೆ ಹೆದರಿಕೆ. ಯಾವ ತಿಂಗಳಲ್ಲಿ ರೋಗ ಹರಡೋ ಉಣುಗು ಜಾಸ್ತಿ, ಮಂಗ ಸತ್ತದ್ದು ಕಂಡ್ರೆ ಯಾರಿಗೆ ಫೋನ್ ಮಾಡ್ಬೇಕು, ದರಕು (ಒಣ ಎಲೆ) ತರೋಕೆ ಹೋಗೋ ಮುಂಚೆ ಉಣುಗು ದೂರ ಇಡೋ ಡೆಪಾ ತೈಲ ಹೇಗೆ ಹಚ್ಕೊಳ್ಬೇಕು, ಇದು ಪರಿಸರ ಶಿಕ್ಷಣ ಅಲ್ವಾ? ಇದಕ್ಕೆ ಎಷ್ಟು ಅಂಕ?

ದುಡ್ಡಿಲ್ಲ ಅನ್ನೋದು ಬರೀ ಸುಳ್ಳು. ಕಾಡು ಕಡ್ದದ್ದಕ್ಕೆ ಪರಿಹಾರ ಅಂತ ಕೂಡಿಟ್ಟ ಕ್ಯಾಂಪಾ ನಿಧಿಯಿಂದ 2019ರಲ್ಲಿ ಕೇಂದ್ರ ರಾಜ್ಯಗಳಿಗೆ ಕೊಟ್ಟದ್ದು 47 ಸಾವಿರ ಕೋಟಿ ಮೇಲೆ. ದೊಡ್ಡ ಕಂಪನಿಗಳು ಲಾಭದ ಶೇಕಡಾ 2 ಸಮಾಜಕ್ಕೆ ಕೊಡ್ಬೇಕು ಅಂತ 2013ರ ಕಾಯ್ದೆ ಇದೆ, ಶಿಕ್ಷಣ, ಪರಿಸರ ಎರಡೂ ಅದರ ಪಟ್ಟಿಯಲ್ಲಿವೆ. ಕೈಗಾ ಅಣುಸ್ಥಾವರ ಒಂದರಿಂದಲೇ 880 ಮೆಗಾವ್ಯಾಟು ಕೊಡೋ ಜಿಲ್ಲೆ ನಮ್ದು, ಕಾಳಿ ನದಿಗೆ ಮೇಲಿಂದ ಕೆಳಗಿನವರೆಗೆ ಕಟ್ಟೆ ಕಟ್ಟಿಸ್ಕೊಂಡಿದ್ದೇವೆ, ನೌಕಾನೆಲೆಗೆ ಊರಿಗೆ ಊರೇ ಬಿಟ್ಟುಕೊಟ್ಟಿದ್ದೇವೆ. ವಾಪಸ್ ಏನ್ ಸಿಕ್ತು? ಜೋರು ಕಾಯಿಲೆ ಬಂದ್ರೆ ಇವತ್ತಿಗೂ ಮಣಿಪಾಲ, ಗೋವಾ, ಹುಬ್ಬಳ್ಳಿ. ಆಸ್ಪತ್ರೆ ವಿಷಯ ತೆಗೆದ್ರೆ ಈ ಅಂಕಣ ಇವತ್ತು ಮುಗಿಯಲ್ಲ, ಬಿಡಿ.

ಆದ್ರೆ ಒಂದು ಮಾತು ಹೇಳ್ಲೇಬೇಕು. ಹೊಸ ಯೋಜನೆ ಬಂದಾಗ ಸಾರ್ವಜನಿಕ ಅಹವಾಲು ಸಭೆ ಅಂತ ಮಾಡ್ತಾರಲ್ಲ, ನೂರಾರು ಪುಟದ ವರದಿ ಇಂಗ್ಲಿಷಲ್ಲಿ, ಕನ್ನಡದಲ್ಲಿ ಸಾರಾಂಶ ಮಾತ್ರ. ಪೆಂಡಾಲಲ್ಲಿ ನಮ್ಮವರು ಕೂಗ್ತಾರೆ, ಅಳ್ತಾರೆ, ಎಂಜಿನಿಯರು ಟೇಬಲ್ ನಂಬರ್ ಹೇಳಿ ಕೂತ್ಕೋತಾನೆ. 1981ರಲ್ಲಿ ಹೀಗಿರ್ಲಿಲ್ಲ. ಬೇಡ್ತಿ ನದಿಗೆ ಜಲವಿದ್ಯುತ್ ಯೋಜನೆ ಬಂದಾಗ ಶಿರಸಿಯಲ್ಲಿ ತೋಟಿಗರು ವಿಜ್ಞಾನಿಗಳನ್ನ ಕರ್ಸಿ, ಮುಳುಗೋ ಅಡಿಕೆ ತೋಟ, ಮೆಣಸು, ಕಾಡು ಎಲ್ಲದರ ಲಾಭ-ನಷ್ಟ ಲೆಕ್ಕ ಹಾಕಿ ಸರ್ಕಾರದ ಲೆಕ್ಕದ ಎದುರು ಇಟ್ರು. ಯೋಜನೆ ನಿಂತಿತು. ಈಗ ಬೇಡ್ತಿ-ವರದಾ ನದಿ ಜೋಡಣೆ ಅಂತ ಮತ್ತೆ ಬಂದಿದೆ, ಆ ಲೆಕ್ಕ ಹಾಕಿದವರಲ್ಲಿ ಎಷ್ಟೋ ಜನ ಇಲ್ಲ, ಅವರ ಮೊಮ್ಮಕ್ಕಳು ವೈಟ್‌ಫೀಲ್ಡಲ್ಲಿ ಕೂತು ವಾಟ್ಸಾಪಲ್ಲಿ "ಸೇವ್ ವೆಸ್ಟರ್ನ್ ಘಾಟ್ಸ್" ಡಿಪಿ ಹಾಕ್ಕೊಂಡಿದ್ದಾರೆ. ಅವರನ್ನ ಬೈದು ಪ್ರಯೋಜನ ಇಲ್ಲ, ಹೈಸ್ಕೂಲಲ್ಲಿ ಅವರಿಗೆ ತೋಟದ ಲೆಕ್ಕ ಯಾರೂ ಹೇಳ್ಕೊಟ್ಟಿಲ್ಲ, ಲಾಭ-ನಷ್ಟದ ಲೆಕ್ಕಕ್ಕೆ ಸೇಬು ಮಾರೋ ರಾಮುನೇ ಗತಿ.

ಮಾಸ್ತರ್ರೇ, ನಿಮ್ಮಂಥವರು ಸಿಟ್ಟಲ್ಲಾದ್ರೂ ನಾಲ್ಕು ಪುಟ ಬರೀತೀರಿ, ಅದು ದೊಡ್ಡದು. ಒಂದು ಕೆಲಸ ಮಾಡಿ. ಮುಂದಿನ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಮೀಟಿಂಗಿಗೆ ಹೋಗಿ, ಹಳೇ ಮಾಸ್ತರ್ರು ಅಂತ ಕುರ್ಚಿ ಕೊಟ್ಟೇ ಕೊಡ್ತಾರೆ. ಹೆಂಚಿನ ಅರ್ಜಿ ಎಲ್ಲಿಗೆ ಬಂತು ಅಂತ ಕೇಳಿ, ಅದರ ಜೊತೆಗೇ ಇಕೋ ಕ್ಲಬ್ಬಿಗೆ ಈ ವರ್ಷ ಎಷ್ಟು ಬಂತು, ಯಾವ ತಿಂಗಳು ಬಂತು, ಯಾವುದಕ್ಕೆ ಹೋಯ್ತು ಅಂತ ಕ್ಯಾಶ್‌ಬುಕ್ ತೆಗ್ಸಿ ನೋಡಿ. ಬೇರೆ ಊರಿನ ಮಾಸ್ತರ್ರು, ಅಕ್ಕೋರುಗಳೂ ಇದನ್ನೇ ಮಾಡ್ಬಹುದು. ಶಾಲೆ ಹೆಸರು ಬೇಡ, ತಾಲೂಕು ಮತ್ತು ಮೊತ್ತ ಬರ್ದು ಕಳಿಸಿ, ಬಂದಷ್ಟನ್ನೂ ಹಾಗೇ ಅಚ್ಚು ಮಾಡ್ತೇವೆ.