ಎರಡನೇ ಪಟ್ಟಿ 4ರಿಂದ ಯಾಕೆ ಶುರುವಾಯಿತು?

ನಮಸ್ಕಾರ.

‘ಪೈಥಾನ್ ಮೂಲಕ ವರ್ಡ್ ಫೈಲಿನಲ್ಲಿ ಅಂಕಿ ಪಟ್ಟಿ’ ಅನ್ನುವ ನಿಮ್ಮ ಬರಹ ಬಂತು. ಇಂಥ ವಿಷಯ ಹಿಡಿದು ಕನ್ನಡದಲ್ಲಿ ಬರೆಯುವವರು ನಮಗೆ ಸಿಗುವುದು ಅಪರೂಪ. ಡಾಕ್‌ಎಕ್ಸ್ ಫೈಲ್ ಅಂದರೆ ಜಿಪ್ ಗಂಟು, ಬಿಚ್ಚಿದರೆ ಒಳಗೆ ಪಟ್ಟಿಗಳ ವಿವರ ಇಡುವ ನಂಬರಿಂಗ್ ಡಾಟ್ ಎಕ್ಸ್‌ಎಂಎಲ್ ಸಿಗುತ್ತದೆ ಅಂತ ತೋರಿಸಿದ್ದು ಚೆನ್ನಾಗಿದೆ. ಆದರೆ ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಎರಡು ಸಾಲು ನನ್ನನ್ನು ರಾತ್ರಿ ಊಟದ ಹೊತ್ತಿನ ತನಕ ಕಾಡಿದವು.

ಮೊದಲನೆಯದು ಇದು: ‘ಅಮೂರ್ತ ಸಂಖ್ಯಾಂಕನ ವ್ಯಾಖ್ಯಾನವು ಸಂಖ್ಯಾಂಕನ ನಿದರ್ಶನದಿಂದ ಉಲ್ಲೇಖಿಸಲ್ಪಡುತ್ತದೆ.’

ಇದನ್ನು ಮೂರು ಸಲ ಓದಿದೆ. ವಿಷಯ ಗೊತ್ತಿರುವ ನನಗೇ ಮೂರು ಸಲ ಬೇಕಾಯಿತು. ‘ಅಮೂರ್ತ ಸಂಖ್ಯಾಂಕನ’ ಅಂತ ಯಾರು ಹೇಳುತ್ತಾರೆ ಸ್ವಾಮಿ? ಕೋಡ್ ಬರೆಯುವಾಗ ನೀವೂ ಆಬ್‌ಸ್ಟ್ರಾಕ್ಟ್‌ನಮ್ ಅಂತಲೇ ಟೈಪ್ ಮಾಡುತ್ತೀರಿ, ಪಕ್ಕದ ಸೀಟಿನವರಿಗೂ ಹಾಗೇ ಹೇಳುತ್ತೀರಿ. ಬರೆಯೋಕೆ ಕೂತ ಕೂಡಲೇ ಪೇಟ ಸುತ್ತಿಕೊಳ್ಳುವುದು ಯಾಕೆ? ಆ ಹೆಸರನ್ನು ಹಾಗೇ ಬಿಡಿ, ಅದು ಏನು ಮಾಡುತ್ತದೆ ಅಂತ ಹೇಳಿ. ಪಟ್ಟಿ ಕಾಣುವ ರೀತಿಯೆಲ್ಲ ಆಬ್‌ಸ್ಟ್ರಾಕ್ಟ್‌ನಮ್ ಒಳಗಿದೆ: ಅಂಕಿಯೋ ಅಕ್ಷರವೋ, ‘%1.’ ಅಂತ ಚುಕ್ಕಿಯೋ ‘%1)’ ಅಂತ ಆವರಣವೋ, ಎಡಗಡೆ ಎಷ್ಟು ಜಾಗ, ಎಲ್ಲ ಅಲ್ಲೇ (%1 ಅಂದರೆ ಅಂಕಿ ಬಂದು ಕೂರುವ ಜಾಗ). 0ರಿಂದ 8ರ ತನಕ ಒಂಬತ್ತು ಲೆವೆಲ್, ಅಂದರೆ ಪಟ್ಟಿಯೊಳಗೆ ಪಟ್ಟಿಯ ಹಂತ, ಇಟ್ಟುಕೊಳ್ಳಬಹುದು. ನಮ್ ಅನ್ನೋದು ಆ ಆಬ್‌ಸ್ಟ್ರಾಕ್ಟ್‌ನಮ್ ಕಡೆ ಕೈ ತೋರಿಸುವ ಚಿಕ್ಕ ಚೀಟಿ. ಪ್ಯಾರಾಗೆ ಗೊತ್ತಿರುವುದು ಎರಡೇ: ನನ್ನ ನಮ್ ಐಡಿ ಎಷ್ಟು, ನನ್ನ ಲೆವೆಲ್ ಯಾವುದು. ಇಷ್ಟಕ್ಕೆ ‘ಉಲ್ಲೇಖಿಸಲ್ಪಡುತ್ತದೆ’ ಬೇಕಾ?

ಇದು ಬರೀ ಭಾಷೆಯ ತಕರಾರು, ತಿದ್ದಬಹುದು. ನಿಜವಾಗಿ ಸಿಟ್ಟು ಬಂದದ್ದು ಎರಡನೇ ಸಾಲಿಗೆ.

‘ಹೊಸ ಪಟ್ಟಿ ಮತ್ತೆ 1ರಿಂದ ಶುರುವಾಗಬೇಕಿದ್ದರೆ, ಅದೇ ಆಬ್‌ಸ್ಟ್ರಾಕ್ಟ್‌ನಮ್‌ಗೆ ಇನ್ನೊಂದು ನಮ್ ಸೇರಿಸಿದರೆ ಸಾಕು.’

ಸಾಕಾಗುವುದಿಲ್ಲ. ನೀವು ಮಾಡಿ ನೋಡಿಲ್ಲ ಅಲ್ವಾ? ನಿಮ್ಮ ಉದಾಹರಣೆಯಲ್ಲಿ ಇರುವುದೇ ಒಂದು ಪಟ್ಟಿ. ಅದು 1, 2, 3 ಅಂತ ಬಂದಿದೆ, ಅದರ ಚಿತ್ರವನ್ನೂ ಹಾಕಿದ್ದೀರಿ. ಎರಡನೇ ಪಟ್ಟಿ ಸೇರಿಸಿ ವರ್ಡ್‌ನಲ್ಲಿ ತೆರೆದಿದ್ದರೆ ಅದು 4ರಿಂದ ಶುರುವಾಗುವುದು ಕಾಣುತ್ತಿತ್ತು.

ಯಾಕೆ ಅಂದರೆ ಎಣಿಕೆ ನಡೆಯುವುದು ಆಬ್‌ಸ್ಟ್ರಾಕ್ಟ್‌ನಮ್ ಲೆಕ್ಕದಲ್ಲಿ. ಜಾತ್ರೆಯ ಊಟದ ಚಪ್ಪರದಲ್ಲಿ ಎರಡು ಕಿಟಕಿ ಇದೆ ಅಂದುಕೊಳ್ಳಿ, ಟೋಕನ್ ಪುಸ್ತಕ ಮಾತ್ರ ಒಂದೇ. ಮೊದಲ ಕಿಟಕಿಯಲ್ಲಿ ಮೂರು ಟೋಕನ್ ಹರಿದರೆ ಎರಡನೇ ಕಿಟಕಿಗೆ ಬಂದವರಿಗೆ ಸಿಗುವುದು ನಾಲ್ಕನೆಯದೇ. ಕಿಟಕಿ ಹೊಸದಾದ ಮಾತ್ರಕ್ಕೆ ಪುಸ್ತಕ ಹೊಸದಾಗುವುದಿಲ್ಲ. 1ರಿಂದಲೇ ಬೇಕು ಅಂದರೆ ಆ ಕಿಟಕಿಗೆ ಬಾಯಿಬಿಟ್ಟು ಹೇಳಬೇಕು. ಹೊಸ ನಮ್ ಒಳಗೆ ಮೊದಲು ಆಬ್‌ಸ್ಟ್ರಾಕ್ಟ್‌ನಮ್ ಐಡಿ, ಅದರ ಕೆಳಗೆ ಲೆವೆಲ್ 0ಗೆ ಒಂದು ಲೆವೆಲ್ ಓವರ್‌ರೈಡ್, ಅದರ ಹೊಟ್ಟೆಯಲ್ಲಿ ಸ್ಟಾರ್ಟ್ ಓವರ್‌ರೈಡ್, ಬೆಲೆ 1. ಕೋಡಿನಲ್ಲಿ ಮೂರೋ ನಾಲ್ಕೋ ಸಾಲು ಜಾಸ್ತಿ ಆಗುತ್ತದೆ, ಅಷ್ಟೇ. ಆ ನಾಲ್ಕು ಸಾಲು ಇಲ್ಲದ ಬರಹ ಓದಿದವರು ನಮ್ಮನ್ನು ಬೈಯುತ್ತಾರೆ, ನಿಮ್ಮನ್ನಲ್ಲ.

(ಅಲ್ಲೇ ಕೆಳಗೆ ಹೊಸ ಆಬ್‌ಸ್ಟ್ರಾಕ್ಟ್‌ನಮ್ ಅನ್ನು ಸುಮ್ನೆ ಅಪೆಂಡ್ ಮಾಡಿದ್ದೀರಿ, ಅಂದರೆ ಫೈಲಿನ ಕೊನೆಗೆ ಸೇರಿಸಿದ್ದೀರಿ. ಅದು ಹಳೆಯ ನಮ್‌ಗಳ ಹಿಂದೆ ಹೋಗಿ ಕೂರುತ್ತದೆ. ಆಬ್‌ಸ್ಟ್ರಾಕ್ಟ್‌ನಮ್ ಎಲ್ಲ ಮೊದಲು, ನಮ್ ಎಲ್ಲ ಆಮೇಲೆ ಬರಬೇಕು ಅಂತ ಸ್ಕೀಮಾ, ಅಂದರೆ ಫೈಲಿನ ಒಳರಚನೆಯ ನಿಯಮ, ಹೇಳುತ್ತದೆ.)

ಇಷ್ಟು ಖಾರವಾಗಿ ಬರೆಯಲು ಕಾರಣ ಇದೆ. ನಾನೂ ಇದೇ ಹಳ್ಳಕ್ಕೆ ಬಿದ್ದವನು.

ನಾನು ಕೆಲಸ ಕಲಿತದ್ದು ಒಂದು ಡಿಟಿಪಿ ಅಂಗಡಿಯಲ್ಲಿ. ಟ್ಯೂಷನ್ ಕ್ಲಾಸಿನವರ ಪ್ರಶ್ನೆಪತ್ರಿಕೆ ಬರುತ್ತಿತ್ತು, ವಾರಕ್ಕೆ ನಾಲ್ಕೈದು. ಕೈಯಲ್ಲಿ ಸೆಟ್ ಮಾಡಿ ಸಾಕಾಗಿ ಒಂದು ಸ್ಕ್ರಿಪ್ಟ್ ಬರೆದೆ. ಭಾಗ ಎ, ಭಾಗ ಬಿ, ತಲಾ ಹತ್ತು ಪ್ರಶ್ನೆ, ಎರಡೂ 1ರಿಂದ. ಭಾಗ ಎ ಮಾತ್ರ ಹಾಕಿ ಒಂದು ಪ್ರಿಂಟ್ ತೆಗೆದು ನೋಡಿದೆ. ಚಂದ ಬಂತು. ಯಜಮಾನರಿಗೆ ತೋರಿಸಿ ಹೊಗಳಿಸಿಕೊಂಡೆ. ಆಮೇಲೆ ಪೂರ್ತಿ ಪತ್ರಿಕೆಯ 200 ಪ್ರತಿ ಹೊಡೆದಾಯಿತು. ಭಾಗ ಬಿ 11ರಿಂದ ಶುರುವಾಗಿತ್ತು. ಕ್ಲಾಸಿನವರ ಉತ್ತರದ ಹಾಳೆಯಲ್ಲಿ ಮಾತ್ರ ಭಾಗ ಬಿ 1ರಿಂದ 10.

ಯಜಮಾನರು ಬೈಯಲಿಲ್ಲ. ‘ಎರಡನೇ ಪುಟ ನೋಡಿದ್ಯೇನಪ್ಪಾ?’ ಅಂತ ಕೇಳಿ ಒಂದು ವೈಟ್ನರ್ ಬಾಟ್ಲಿ ಮುಂದೆ ಇಟ್ಟರು. ರಾತ್ರಿ ಕೂತು ತಿದ್ದಿದೆ. 11ರಿಂದ 19ರ ತನಕ ಸುಲಭ, ಮುಂದಿನ ಒಂದನ್ನು ಮುಚ್ಚಿದರೆ ಆಯಿತು. 20 ಬಂದಾಗ ಎರಡನ್ನು ಮುಚ್ಚಿ, ಒಣಗುವ ತನಕ ಕಾದು, ಮೇಲೆ ಪೆನ್ನಲ್ಲಿ ಒಂದು ಬರೆಯಬೇಕು. 200 ಸಲ. ಆ ವಾಸನೆ ಈಗಲೂ ಮೂಗಿನಲ್ಲಿದೆ. ಸ್ಟಾರ್ಟ್ ಓವರ್‌ರೈಡ್ ಅಂತ ಒಂದಿದೆ ಅಂತ ನನಗೆ ಗೊತ್ತಾದದ್ದು ಮರುವಾರ.

ನಿಮ್ಮ ಬರಹ ಇಂಥ ಅಂಗಡಿಯಲ್ಲಿ ಕೂತ ಯಾವುದೋ ಹುಡುಗನಿಗೋ ಹುಡುಗಿಗೋ ಸಿಗಬೇಕು ಅಂತ ನನಗೆ ಆಸೆ. ಅವರು ಕೇಳುವ ಇನ್ನೊಂದು ಪ್ರಶ್ನೆಯೂ ಇದೆ: ೧, ೨, ೩ ಬರಿಸೋದು ಹೇಗೆ? ವರ್ಡ್‌ನ ಸಿದ್ಧ ನಂಬರ್ ಫಾರ್ಮ್ಯಾಟ್ ಹೆಸರುಗಳಲ್ಲಿ ಹಿಂದಿ ಸ್ವರ, ಹಿಂದಿ ವ್ಯಂಜನ, ಥಾಯ್ ಅಂಕಿಗಳಿವೆ, ಕನ್ನಡ ಇಲ್ಲ. ವೆಬ್ ಪುಟ ಹೇಗೆ ಕಾಣಬೇಕು ಅಂತ ಹೇಳುವ ಸಿಎಸ್‌ಎಸ್‌ನಲ್ಲಿ ‘ಕನ್ನಡ’ ಅಂತ ಒಂದು ಪದ ಕೊಟ್ಟರೆ ಬರುತ್ತದೆ, ಇಲ್ಲಿ ಬರಲ್ಲ. ಇದಕ್ಕೆ ಒಂದು ಪ್ಯಾರಾ ಕೊಡಬಹುದಿತ್ತು. ಮುನ್ನುಡಿಯಲ್ಲಿ ‘ಇಂದಿನ ಮಾಹಿತಿ ಯುಗದಲ್ಲಿ’ ಅಂತ ಶುರುವಾಗುವ ಪ್ಯಾರಾ ಇದೆಯಲ್ಲ, ಅದನ್ನು ತೆಗೆದರೆ ಜಾಗ ಸಿಗುತ್ತದೆ.

ತಿದ್ದಿ ಕಳಿಸಿ, ಅವಸರ ಇಲ್ಲ. ಜೊತೆಗೆ ನಿಮ್ಮ ಕೋಡ್ ಮಾಡಿದ ಡಾಕ್‌ಎಕ್ಸ್ ಫೈಲನ್ನೇ ಇಡಿ, ಚಿತ್ರ ಬೇಡ. ಎರಡು ಪಟ್ಟಿ ಇರಲಿ, ನಡುವೆ ಒಂದು ಮಾಮೂಲಿ ಪ್ಯಾರಾ ಇರಲಿ. ನಾನು ತೆರೆದು ನೋಡುವುದು ಎರಡನೆಯದನ್ನೇ.