ಎರಡು ಅರ್ಜಿ, ಒಂದೇ ಚಕ್ಕುಬಂದಿ

ಈ ಸಲ ಬಂದ ಪತ್ರಗಳಲ್ಲಿ ಪೇಟೆಂಟ್ ವಿಷಯದ್ದೇ ಜಾಸ್ತಿ. ಮನೆಯಿಂದಲೇ ಕೆಲಸ ಮಾಡುವ ಎಂಜಿನಿಯರುಗಳು ಈಗ ಬದಿಯಡ್ಕದಲ್ಲೂ ಇದ್ದಾರೆ, ಮಂಜೇಶ್ವರದಲ್ಲೂ ಇದ್ದಾರೆ. ಅಡಿಕೆ ತೋಟದ ನಡುವಿನ ಮನೆಯಲ್ಲಿ ಕೂತು 5ಜಿ ಬಗ್ಗೆ ಅಮೆರಿಕಕ್ಕೆ ಅರ್ಜಿ ಬರೆಯುತ್ತಾರೆ. ಆದರೆ ಇದನ್ನೆಲ್ಲ ಕನ್ನಡದಲ್ಲಿ ಓದಲು ಸಿಗುವುದು ಕಡಿಮೆ. ಹಾಗಾಗಿ ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ, ಮೊದಲನೆಯದಕ್ಕೆ ಉದ್ದವಾಗಿಯೇ ಬರೆದಿದ್ದೇನೆ.

ಪ್ರಶ್ನೆ: ಮೇಡಂ, ನಾನು ವೈರ್‌ಲೆಸ್ ಕಂಪನಿಯೊಂದರಲ್ಲಿ ಎಂಜಿನಿಯರ್. ಟವರು ಒಂದೊಂದು ದಿಕ್ಕಿಗೆ ಬಿಡುವ ರೇಡಿಯೋ ಕಿರಣಕ್ಕೆ ಬೀಮ್ ಎನ್ನುತ್ತೇವೆ. ಫೋನು ತನಗೆ ಸಿಗುವ ಬೀಮ್‌ಗಳನ್ನು ಅಳೆದು ಟವರಿಗೆ ವರದಿ ಕಳಿಸುವ ಒಂದು ವಿಧಾನಕ್ಕೆ ನಮಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದೆ. ಆಮೇಲೆ ಅದನ್ನೇ ಟವರಿನ ಕಡೆಯಿಂದ ಬರೆದು ಕಂಟಿನ್ಯುಯೇಷನ್ ಅರ್ಜಿ, ಅಂದರೆ ಅದೇ ವಿವರಣೆಯ ಮೇಲೆ ಮುಂದುವರಿದ ಅರ್ಜಿ ಹಾಕಿದೆವು. ಈಗ ಅಲ್ಲಿನ ಪೇಟೆಂಟ್ ಆಫೀಸಿನ ಎಕ್ಸಾಮಿನರ್ ‘ಡಬಲ್ ಪೇಟೆಂಟಿಂಗ್’ ಎಂದು, ಯಾವುದಕ್ಕೆ ಹಕ್ಕು ಬೇಕು ಎಂದು ನಾವು ಬರೆದ ಎಲ್ಲ ಕ್ಲೇಮ್‌ಗಳನ್ನೂ ತಿರಸ್ಕರಿಸಿದ್ದಾರೆ. ಅದಕ್ಕೆ ಅವರು ತೋರಿಸಿದ್ದು ನಮ್ಮದೇ ಮೊದಲ ಪೇಟೆಂಟನ್ನು! ನಾವು ಕದ್ದೆವು ಎಂದು ಅರ್ಥವಾ? ಅಟಾರ್ನಿ ‘ಒಂದು ಟರ್ಮಿನಲ್ ಡಿಸ್ಕ್ಲೇಮರ್, ಅಂದರೆ ಹೆಚ್ಚಿನ ಅವಧಿ ಬಿಟ್ಟುಕೊಡುವ ಪತ್ರ, ಹಾಕಿದರೆ ಮುಗಿಯಿತು’ ಎನ್ನುತ್ತಾರೆ. ಹಾಕಬಹುದಾ?
— ಓದುಗ, ಬದಿಯಡ್ಕ

ಉತ್ತರ: ಕದ್ದ ಮಾತೇ ಇಲ್ಲ, ಆ ಭಯ ಬಿಡಿ. ಎಕ್ಸಾಮಿನರ್ ಹೇಳುತ್ತಿರುವುದು ಇಷ್ಟೇ: ಒಂದು ಆವಿಷ್ಕಾರಕ್ಕೆ ಒಂದೇ ಸಲ ಹಕ್ಕು, ಅದೇ ಹಕ್ಕನ್ನು ಸ್ವಲ್ಪ ಮಾತು ಬದಲಿಸಿ ಇನ್ನಷ್ಟು ವರ್ಷ ಎಳೆಯಬಾರದು. ನಿಮ್ಮ ಮೇಲೆ ನಿಮ್ಮದೇ ಪೇಟೆಂಟನ್ನು ಎತ್ತಿ ತೋರಿಸುವುದು ಅದಕ್ಕೇ.

ಇದರಲ್ಲಿ ಎರಡು ಬಗೆ ಉಂಟು. ಎರಡೂ ಅರ್ಜಿಯ ಕ್ಲೇಮ್ ಅಕ್ಷರಶಃ ಒಂದೇ ಆವಿಷ್ಕಾರದ್ದಾದರೆ ಅದು ಅಮೆರಿಕದ ಕಾಯ್ದೆಯ ಸೆಕ್ಷನ್ 101ರ ಕೆಳಗೆ ಬರುತ್ತದೆ. ಅದಕ್ಕೆ ಡಿಸ್ಕ್ಲೇಮರ್ ಮದ್ದಲ್ಲ, ಕ್ಲೇಮನ್ನೇ ತಿದ್ದಬೇಕು ಇಲ್ಲವೇ ಬಿಡಬೇಕು. ಇನ್ನೊಂದು ಬಗೆ ಕೋರ್ಟುಗಳು ಬೆಳೆಸಿಕೊಂಡು ಬಂದದ್ದು. ಎರಡನೇ ಕ್ಲೇಮ್ ಮೊದಲಿನದ್ದೇ ಅಲ್ಲ, ಆದರೆ ಮೊದಲಿನದನ್ನು ನೋಡಿದ ಎಂಜಿನಿಯರಿಗೆ ಸುಲಭವಾಗಿ ಹೊಳೆಯುವಂಥದ್ದು ಎನ್ನುವ ತಕರಾರು ಅದು. ನಿಮಗೆ ಬಂದದ್ದು ಈ ಎರಡನೇ ಬಗೆ ಎಂದು ನೀವು ಕಳಿಸಿದ ವಿವರದಿಂದ ಕಾಣುತ್ತದೆ.

ವೈರ್‌ಲೆಸ್‌ನಲ್ಲಿ ಇದು ಇಷ್ಟೊಂದು ಬರಲು ಕಾರಣ ಆ ಕೆಲಸದಲ್ಲೇ ಇದೆ. ಫೋನು ಕಳಿಸಿದ್ದನ್ನು ಟವರು ಪಡೆಯುತ್ತದೆ, ಟವರು ಕಳಿಸಿದ್ದನ್ನು ಫೋನು ಪಡೆಯುತ್ತದೆ. ಒಂದೇ ಮಾತುಕತೆಯ ಎರಡು ತುದಿ. ಹಾಗಾಗಿ ಒಂದು ಐಡಿಯಾದಿಂದ ಫೋನಿನ ಕ್ಲೇಮ್, ಟವರಿನ ಕ್ಲೇಮ್, ವಿಧಾನದ ಕ್ಲೇಮ್, ಸಾಧನದ ಕ್ಲೇಮ್ ಹುಟ್ಟಿಬಿಡುತ್ತವೆ. ಅದರ ಮೇಲೆ ಸ್ಟ್ಯಾಂಡರ್ಡ್‌ಗಳ ಒತ್ತಡ ಬೇರೆ. ಎಲ್ಲ ಫೋನು, ಟವರುಗಳು ಪಾಲಿಸುವ ಈ ನಿಯಮಗಳನ್ನು ರೂಪಿಸುವ 3ಜಿಪಿಪಿ ಸಂಘಟನೆಯಲ್ಲಿ ಚರ್ಚೆ ನಡೆಯುತ್ತಿರುವಾಗಲೇ ಕಂಪನಿಗಳು ದಪ್ಪ ವಿವರಣೆಯೊಂದನ್ನು ಬರೆದು ಅರ್ಜಿ ಹಾಕುತ್ತವೆ, ಸ್ಟ್ಯಾಂಡರ್ಡ್ ಕೊನೆಗೆ ಯಾವ ದಾರಿ ಹಿಡಿಯಿತು ಎಂದು ನೋಡಿಕೊಂಡು ಅದೇ ವಿವರಣೆಯಿಂದ ಒಂದರ ಹಿಂದೆ ಒಂದು ಕಂಟಿನ್ಯುಯೇಷನ್ ತೆಗೆಯುತ್ತವೆ. ಅದು ತಪ್ಪಲ್ಲ, ಕಾನೂನು ಕೊಟ್ಟ ದಾರಿಯೇ. ಆದರೆ ಮರಿಗಳು ಜಾಸ್ತಿಯಾದಷ್ಟೂ ಒಂದರ ಮೇಲೊಂದು ಬೀಳುವುದೂ ಜಾಸ್ತಿ.

ಈಗ ಮುಖ್ಯ ಮಾತು. ಡಿಸ್ಕ್ಲೇಮರಿಗೆ ಒಪ್ಪುವ ಮೊದಲು ಕ್ಲೇಮನ್ನು ಕ್ಲೇಮಿನ ಪಕ್ಕ ಇಟ್ಟು ಓದಿ. ನಮ್ಮ ಕಡೆ ಜಾಗದ ಆಧಾರದಲ್ಲಿ ಚಕ್ಕುಬಂದಿ ಬರೆಯುತ್ತಾರಲ್ಲ, ಮೂಡುಬದಿಗೆ ತೋಡು, ಪಡುಬದಿಗೆ ನೆರೆಯವರ ತೋಟ ಅಂತ, ಪೇಟೆಂಟಿನಲ್ಲಿ ಕ್ಲೇಮ್ ಎಂದರೆ ಅದೇ. ಜಾಗದೊಳಗೆ ಎಷ್ಟು ಮರ ಇದೆ, ಎಲ್ಲಿ ಸುರಂಗ ಇದೆ ಎಂಬ ವಿವರ ಬೇರೆ ಕಡೆ ಇರುತ್ತದೆ. ಡಬಲ್ ಪೇಟೆಂಟಿಂಗ್‌ನಲ್ಲಿ ಎಕ್ಸಾಮಿನರ್ ಹೋಲಿಸಬೇಕಾದದ್ದು ಚಕ್ಕುಬಂದಿಯನ್ನು ಚಕ್ಕುಬಂದಿಯ ಜೊತೆ. ಮೊದಲ ಪೇಟೆಂಟಿನ ಒಳಗಿನ ವಿವರಣೆಯನ್ನು ಕ್ಲೇಮಿನ ಮಾತಿನ ಅರ್ಥ ತಿಳಿಯಲು ನೋಡಬಹುದು. ಆದರೆ ‘ನಿಮ್ಮ ವಿವರಣೆಯ ಇಂಥ ಪ್ಯಾರಾದಲ್ಲಿ ಇದು ಆಗಲೇ ಇದೆ’ ಎಂದು ಅದನ್ನೇ ಹಳೆಯ ಜ್ಞಾನದಂತೆ ಬಳಸಿ ತಿರಸ್ಕರಿಸುವಂತಿಲ್ಲ. ಎರಡೂ ಅರ್ಜಿಗೆ ವಿವರಣೆ ಒಂದೇ ಇರುವಾಗ ಈ ಜಾರುವಿಕೆ ಸುಲಭವಾಗಿ ಆಗುತ್ತದೆ, ನಾನು ನೋಡಿದ್ದೇನೆ. ಎಕ್ಸಾಮಿನರ್ ಕಳಿಸಿದ ಪತ್ರದಲ್ಲಿ, ಅಂದರೆ ಆಫೀಸ್ ಆ್ಯಕ್ಷನ್‌ನಲ್ಲಿ ಪ್ಯಾರಾ ನಂಬರ್ ಕಂಡರೆ ಅಲ್ಲಿ ನಿಲ್ಲಿ, ಸುಮ್ನೆ ದಾಟಬೇಡಿ.

ನಿಮ್ಮ ವಿಷಯಕ್ಕೇ ಬರುತ್ತೇನೆ. ಮೊದಲ ಕ್ಲೇಮ್: ಫೋನು ಬೀಮ್ ಅಳೆದು ವರದಿ ಕಳಿಸುತ್ತದೆ. ಎರಡನೇ ಕ್ಲೇಮ್ ಬರೀ ‘ಟವರು ಆ ವರದಿಯನ್ನು ಪಡೆಯುತ್ತದೆ’ ಎಂದಿದ್ದರೆ ವಾದ ಮಾಡಿ ಫಲ ಇಲ್ಲ. ಕಳಿಸುವವರು ಇದ್ದರೆ ಪಡೆಯುವವರು ಇರಲೇಬೇಕು, ಅಲ್ವಾ? ಆದರೆ ಟವರು ಹಲವು ಫೋನುಗಳ ವರದಿ ಒಟ್ಟು ಮಾಡಿ, ಅದರ ಮೇಲೆ ಯಾವ ಬೀಮನ್ನು ಯಾರಿಗೆ ಯಾವಾಗ ಕೊಡಬೇಕು ಎಂದು ತೀರ್ಮಾನಿಸುವ ಹೆಜ್ಜೆ ಎರಡನೇ ಕ್ಲೇಮಿನಲ್ಲಿದ್ದರೆ ಅದು ಬೇರೆ ಬೌಂಡರಿ. ಮೊದಲ ಕ್ಲೇಮನ್ನು ಮಾತ್ರ ಓದಿದವರಿಗೆ ಆ ಹೆಜ್ಜೆ ತಾನಾಗಿ ಹೊಳೆಯುವುದಿಲ್ಲ ಎಂದು ಗಟ್ಟಿಯಾಗಿ ಬರೆಯಬಹುದು. ಅಂಥ ಹೆಜ್ಜೆ ವಿವರಣೆಯಲ್ಲಿದ್ದು ಕ್ಲೇಮಿನಲ್ಲಿ ಇಲ್ಲದಿದ್ದರೆ ತಿದ್ದಿ ಸೇರಿಸುವ ಬಗ್ಗೆ ಅಟಾರ್ನಿ ಹತ್ತಿರ ಮಾತಾಡಿ. ಈ ಕೆಲಸ ಎಂಜಿನಿಯರ್ ಆದ ನಿಮ್ಮದೇ, ಅಟಾರ್ನಿಗೆ ಟವರಿನ ಒಳಗುಟ್ಟು ನಿಮ್ಮಷ್ಟು ಗೊತ್ತಿರುವುದಿಲ್ಲ.

ಇನ್ನೊಂದು ನೋಡಬೇಕು. ಮೊದಲ ಅರ್ಜಿಯಲ್ಲಿ ಫೋನಿನ ಕ್ಲೇಮ್, ಟವರಿನ ಕ್ಲೇಮ್ ಎರಡೂ ಇದ್ದು, ‘ಇವು ಬೇರೆ ಬೇರೆ, ಒಂದನ್ನು ಆರಿಸಿ’ ಎಂದು ಎಕ್ಸಾಮಿನರೇ ಹೇಳಿದ್ದರಾ? ಹಾಗೆ ಹೇಳಿ, ಬಿಟ್ಟದ್ದನ್ನೇ ನೀವು ಡಿವಿಷನಲ್, ಅಂದರೆ ಮೊದಲಿನದರಿಂದ ಒಡೆದ ಅರ್ಜಿಯಾಗಿ ಹಾಕಿದ್ದರೆ ಅಲ್ಲಿನ ಸೆಕ್ಷನ್ 121 ನಿಮಗೆ ರಕ್ಷಣೆ ಕೊಡುತ್ತಿತ್ತು, ಆ ಮೊದಲ ಪೇಟೆಂಟನ್ನು ನಿಮ್ಮ ಮೇಲೆ ತೋರಿಸುವಂತಿರಲಿಲ್ಲ. ಕಂಟಿನ್ಯುಯೇಷನ್ ಎಂದು ಹಾಕಿದರೆ ಆ ರಕ್ಷಣೆ ಇಲ್ಲ. ಅರ್ಜಿಯ ಹೆಸರಿನಲ್ಲಿ ಏನಿದೆ ಎಂದು ತಾತ್ಸಾರ ಮಾಡುವವರು ಇದ್ದಾರೆ, ಇಲ್ಲಿ ಎಲ್ಲ ಇರುವುದು ಆ ಹೆಸರಿನಲ್ಲೇ.

ಇನ್ನು ಟರ್ಮಿನಲ್ ಡಿಸ್ಕ್ಲೇಮರ್. ಅದು ಎರಡು ಮಾತು ಕೊಟ್ಟಂತೆ. ಎರಡನೇ ಪೇಟೆಂಟ್ ಮೊದಲಿನದು ಮುಗಿಯುವ ದಿನವೇ ಮುಗಿಯುತ್ತದೆ. ಎರಡೂ ಒಬ್ಬರದ್ದೇ ಒಡೆತನದಲ್ಲಿ ಇರುವಷ್ಟು ಕಾಲ ಮಾತ್ರ ಎರಡನೆಯದನ್ನು ಜಾರಿಗೆ ತರಬಹುದು. ತಪ್ಪು ಒಪ್ಪಿಕೊಂಡಂತೆ ಅಲ್ಲ ಎಂದು ಅಲ್ಲಿನ ಕೋರ್ಟು ಹೇಳಿದೆ, ಆದರೆ ಪೇಟೆಂಟ್ ಮಂಜೂರಾದ ಮೇಲೆ ಅದನ್ನು ಹಿಂದಕ್ಕೆ ಪಡೆಯುವ ದಾರಿ ಹೆಚ್ಚುಕಡಿಮೆ ಮುಚ್ಚಿರುತ್ತದೆ.

ಲೆಕ್ಕ ಹಾಕಿ ನೋಡಿ. ನಿಮ್ಮ ಮೊದಲ ಅರ್ಜಿ 2019ರ ಮಾರ್ಚಿನದು ಎಂದುಕೊಳ್ಳೋಣ. ಎರಡೂ ಪೇಟೆಂಟಿಗೆ 20 ವರ್ಷ ಆ ದಿನದಿಂದಲೇ ಎಣಿಕೆ, ಅಂದರೆ 2039ರ ಮಾರ್ಚ್. ಹಾಗಿದ್ದರೆ ಡಿಸ್ಕ್ಲೇಮರಿನಿಂದ ನೀವು ಕಳೆದುಕೊಳ್ಳುವ ದಿನ ಒಂದೂ ಇಲ್ಲ. ಆದರೆ ಅಮೆರಿಕದ ಪೇಟೆಂಟ್ ಆಫೀಸ್ ತಾನೇ ತಡ ಮಾಡಿದರೆ, ಉದಾಹರಣೆಗೆ 14 ತಿಂಗಳೊಳಗೆ ಮೊದಲ ಉತ್ತರ ಕೊಡದಿದ್ದರೆ, ಆ ದಿನಗಳನ್ನು ಪೇಟೆಂಟಿನ ಕೊನೆಗೆ ಸೇರಿಸಿ ಕೊಡುತ್ತದೆ. ಎರಡನೆಯದಕ್ಕೆ ಹೀಗೆ 400 ದಿನ ಸಿಗುವ ಹಾಗಿದ್ದು ಮೊದಲಿನದಕ್ಕೆ ಏನೂ ಸಿಕ್ಕಿರದಿದ್ದರೆ, ಡಿಸ್ಕ್ಲೇಮರ್ ಹಾಕಿದ ಕೂಡಲೇ ಆ 400 ದಿನ ಹೋಯಿತು. ಸ್ಟ್ಯಾಂಡರ್ಡಿಗೆ ಸೇರಿದ ಪೇಟೆಂಟಿಗೆ ಕೊನೆಯ ವರ್ಷಗಳಲ್ಲೂ ರಾಯಲ್ಟಿ ಬರುತ್ತಿರುತ್ತದೆ, 400 ದಿನ ಸಣ್ಣದಲ್ಲ.

ಹಾಗಂತ ಡಿಸ್ಕ್ಲೇಮರ್ ಹಾಕದೆ ದಿನ ತಳ್ಳುವುದೂ ಅಪಾಯ. ಸೆಲೆಕ್ಟ್ ಎಂಬ ಕಂಪನಿಯ ಕಥೆ ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತಿರಬೇಕು. ಫೋನಿನಂತಹ ಸಾಧನಗಳಲ್ಲಿ ಕೂರುವ ಪುಟ್ಟ ಇಮೇಜ್ ಸೆನ್ಸರಿನ ಪೇಟೆಂಟುಗಳು ಅವು. ಅವರು ಸ್ಯಾಮ್‌ಸಂಗ್ ಮೇಲೆ ಕೇಸು ಹಾಕಿದ ಮೇಲೆ ಪೇಟೆಂಟುಗಳ ಮರುಪರಿಶೀಲನೆ ಆಯಿತು. ತಡಕ್ಕಾಗಿ ಸೇರಿಸಿ ಕೊಟ್ಟ ದಿನಗಳನ್ನೂ ಲೆಕ್ಕಕ್ಕೆ ಹಿಡಿದೇ ಡಬಲ್ ಪೇಟೆಂಟಿಂಗ್ ನೋಡಬೇಕು ಎಂದು 2023ರ ಆಗಸ್ಟಿನಲ್ಲಿ ಪೇಟೆಂಟ್ ಮೇಲ್ಮನವಿ ಕೇಳುವ ಅಲ್ಲಿನ ಫೆಡರಲ್ ಸರ್ಕ್ಯೂಟ್ ಕೋರ್ಟು ಹೇಳಿತು, ನಾಲ್ಕು ಪೇಟೆಂಟುಗಳ ಕ್ಲೇಮ್‌ಗಳು ಬಿದ್ದವು. ಅಷ್ಟು ಹೊತ್ತಿಗೆ ಪೇಟೆಂಟುಗಳ ಅವಧಿಯೇ ಮುಗಿದಿತ್ತು, ಮುಗಿದ ಮೇಲೆ ಡಿಸ್ಕ್ಲೇಮರ್ ಹಾಕಲು ಆಗುವುದಿಲ್ಲ. 2024ರ ಅಕ್ಟೋಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ಮೇಲ್ಮನವಿ ಕೇಳಲು ಒಪ್ಪಲಿಲ್ಲ. ನಡುವೆ 2024ರ ಆಗಸ್ಟಿನಲ್ಲಿ ಅಲರ್ಗನ್ ಕೇಸಿನಲ್ಲಿ ಅದೇ ಫೆಡರಲ್ ಸರ್ಕ್ಯೂಟ್ ಒಂದು ಸಮಾಧಾನದ ಮಾತು ಹೇಳಿದೆ: ಮೊದಲು ಸಲ್ಲಿಸಿ ಮೊದಲು ಮಂಜೂರಾದ ಪೇಟೆಂಟನ್ನು, ಅದೇ ಕುಟುಂಬದ, ಅಂದರೆ ಅದೇ ಮೂಲ ಅರ್ಜಿಯಿಂದ ಹುಟ್ಟಿದ, ನಂತರದ ಪೇಟೆಂಟು ಬೇಗ ಮುಗಿಯುತ್ತದೆ ಎಂಬ ಕಾರಣಕ್ಕೆ ಬೀಳಿಸುವಂತಿಲ್ಲ. ನಿಮ್ಮದು ಎರಡನೆಯ ಅರ್ಜಿ, ಹಾಗಾಗಿ ಈ ಸಮಾಧಾನ ನಿಮ್ಮ ಮೊದಲ ಪೇಟೆಂಟಿಗೆ ಮಾತ್ರ.

ಇಷ್ಟರ ಮೇಲೆ ನನ್ನ ಸಲಹೆ. ಕ್ಲೇಮ್ ಬರೀ ಕನ್ನಡಿ ಬಿಂಬವಾಗಿದ್ದು ದಿನವೂ ಕಳೆಯದಿದ್ದರೆ ಡಿಸ್ಕ್ಲೇಮರ್ ಹಾಕಿ, ಯೋಚನೆ ಬೇಡ. ದಿನ ಕಳೆಯುವುದಾದರೆ, ಅಥವಾ ಕಂಪನಿಗೆ ಮುಂದೆ ಫೋನಿನ ಪೇಟೆಂಟ್ ಒಬ್ಬರಿಗೆ, ಟವರಿನದು ಇನ್ನೊಬ್ಬರಿಗೆ ಮಾರುವ ಆಲೋಚನೆ ಇದ್ದರೆ, ಮೊದಲು ವಾದ ಮಾಡಿ. ವೈರ್‌ಲೆಸ್‌ನಲ್ಲಿ ಪೇಟೆಂಟುಗಳನ್ನು ಕಟ್ಟುಕಟ್ಟಾಗಿ ಮಾರುವುದು ಮಾಮೂಲು. ಡಿಸ್ಕ್ಲೇಮರಿನಿಂದ ಜೋಡಿಸಿದ ಎರಡನ್ನು ಬೇರೆ ಬೇರೆ ಕೈಗೆ ಕೊಟ್ಟರೆ ಡಿಸ್ಕ್ಲೇಮರ್ ಹೊತ್ತ ಪೇಟೆಂಟು ಕಾಗದವಾಗಿ ಉಳಿಯುತ್ತದೆ.

ಪ್ರಶ್ನೆ: ನಮಗೂ ಇದೇ ತಕರಾರು ಬಂದಿದೆ, ಆದರೆ ‘ಪ್ರಾವಿಷನಲ್’ ಎಂದಿದೆ. ಎರಡೂ ಅರ್ಜಿ ಇನ್ನೂ ಬಾಕಿ. ಈಗಲೇ ಏನಾದರೂ ಮಾಡಬೇಕಾ? ಯುರೋಪಿನಲ್ಲೂ ಹೀಗೇನಾ?
— ಓದುಗಿ, ಮಂಜೇಶ್ವರ

ಉತ್ತರ: ಮೊದಲ ಅರ್ಜಿ ಇನ್ನೂ ಪೇಟೆಂಟ್ ಆಗಿಲ್ಲವಾದ್ದರಿಂದ ‘ಪ್ರಾವಿಷನಲ್’, ಅಂದರೆ ತಾತ್ಕಾಲಿಕ. ಅದರ ಕ್ಲೇಮ್ ನಾಳೆ ಬದಲಾಗಲೂಬಹುದು. ದಿನಾಂಕದಲ್ಲಿ ಹಿಂದಿನದಾದ ಅರ್ಜಿಯಲ್ಲಿ ಬೇರೆ ಯಾವ ತಕರಾರೂ ಉಳಿಯದೆ ಇದೊಂದೇ ಉಳಿದರೆ, ಎಕ್ಸಾಮಿನರ್ ಸಾಮಾನ್ಯವಾಗಿ ಅಲ್ಲಿ ಅದನ್ನು ಕೈಬಿಟ್ಟು ಪೇಟೆಂಟ್ ಕೊಡುತ್ತಾರೆ. ಎರಡನೆಯದರಲ್ಲಿ ಮಾತ್ರ ತಕರಾರು ಮುಂದುವರಿಯುತ್ತದೆ. ಆದರೂ ಉತ್ತರದಲ್ಲಿ ಅದರ ಬಗ್ಗೆ ಬರೆಯದೆ ಬಿಡಬೇಡಿ.

ಯುರೋಪಿನಲ್ಲಿ ಬಿಗಿ ಕಡಿಮೆ. ಅಲ್ಲಿನ ಪೇಟೆಂಟ್ ಆಫೀಸಿನ ವಿಸ್ತೃತ ಮೇಲ್ಮನವಿ ಮಂಡಳಿ 2021ರ ಜೂನಿನಲ್ಲಿ ಜಿ 4/19 ತೀರ್ಪಿನಲ್ಲಿ ಡಬಲ್ ಪೇಟೆಂಟಿಂಗ್ ಮೇಲೆ ತಿರಸ್ಕರಿಸಬಹುದು ಎಂದಿತು, ಆದರೆ ಒಬ್ಬರೇ ಅರ್ಜಿದಾರರು ಒಂದೇ ವಿಷಯಕ್ಕೆ ಕೇಳಿದಾಗ. ಅಮೆರಿಕದಂತೆ ‘ಸುಲಭವಾಗಿ ಹೊಳೆಯುತ್ತದೆ’ ಎಂಬಲ್ಲಿಯವರೆಗೆ ಅವರು ಎಳೆಯುವುದಿಲ್ಲ.

ಪ್ರಶ್ನೆ: ನಮ್ಮದು ಗುಡ್ಡೆಯ ಬುಡದ ಅಡಿಕೆ ತೋಟ, ಮೊಬೈಲ್ ರೇಂಜ್ ಇಲ್ಲ. ಮಣ್ಣಿನ ತೇವ ಅಳೆದು ಲೋರಾ ಎಂಬ, ಕಡಿಮೆ ಬ್ಯಾಟರಿಯಲ್ಲಿ ದೂರ ಮುಟ್ಟುವ ರೇಡಿಯೋದಲ್ಲಿ ಮನೆಗೆ ಕಳಿಸುವ ಒಂದು ಸಾಧನ ಮಾಡಿ ಚೆನ್ನೈ ಪೇಟೆಂಟ್ ಆಫೀಸಿಗೆ ಅರ್ಜಿ ಹಾಕಿದ್ದೇನೆ. ಬ್ಯಾಟರಿ ಉಳಿಸುವ ಕ್ರಮ ಒಂದು, ಪಂಪ್ ನಡೆಸುವ ಕ್ರಮ ಇನ್ನೊಂದು, ಇವು ಎರಡು ಆವಿಷ್ಕಾರ ಎಂದು ಪರೀಕ್ಷಾ ವರದಿ ಬಂದಿದೆ. ಬೇರೆ ಅರ್ಜಿ ಹಾಕಿದರೆ ಡಬಲ್ ಪೇಟೆಂಟಿಂಗ್ ಆಗುತ್ತದಾ? ಈಗ ಹೊಸದೊಂದು ಸುಧಾರಣೆಯೂ ಹೊಳೆದಿದೆ.
— ಓದುಗ, ಪೆರ್ಲ

ಉತ್ತರ: ಪತ್ರ ಓದಿ ಖುಷಿಯಾಯಿತು. ರೇಂಜ್ ಸಿಗದ ತೋಟದಲ್ಲಿ ಬೇಕಾದದ್ದು ಇಂಥದ್ದೇ.

ನಮ್ಮ ದೇಶದಲ್ಲಿ ಟರ್ಮಿನಲ್ ಡಿಸ್ಕ್ಲೇಮರ್ ಎಂಬ ದಾರಿ ಇಲ್ಲ. ಹಾಗಾಗಿ ಬೇಲಿ ಮೊದಲೇ ಸರಿಯಾಗಿ ಹಾಕಿಕೊಳ್ಳಬೇಕು. 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 46 ಒಂದು ಪೇಟೆಂಟ್ ಒಂದು ಆವಿಷ್ಕಾರಕ್ಕೆ ಮಾತ್ರ ಎನ್ನುತ್ತದೆ. ಸೆಕ್ಷನ್ 16 ಅರ್ಜಿಯನ್ನು ಒಡೆದು ಡಿವಿಷನಲ್ ಹಾಕಲು ಬಿಡುತ್ತದೆ, ಆದರೆ ಒಂದರಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಕೇಳುವಂತಿಲ್ಲ. ಬ್ಯಾಟರಿಯ ಕ್ಲೇಮ್ ಒಂದರಲ್ಲಿ, ಪಂಪಿನದು ಇನ್ನೊಂದರಲ್ಲಿ ಎಂದು ಪೂರ್ತಿ ಬೇರ್ಪಡಿಸಿ. ಹಾಗೆ ಮಾಡಿದರೆ ಡಬಲ್ ಪೇಟೆಂಟಿಂಗ್ ಪ್ರಶ್ನೆ ಬರುವುದಿಲ್ಲ, ಎರಡು ಆವಿಷ್ಕಾರ ಎಂದು ವರದಿಯೇ ಹೇಳಿದೆಯಲ್ಲ. ಮೊದಲ ಅರ್ಜಿ ಮಂಜೂರಾಗುವ ಮುಂಚೆಯೇ ಡಿವಿಷನಲ್ ಹಾಕಬೇಕು. 20 ವರ್ಷದ ಎಣಿಕೆ ಮೊದಲ ಅರ್ಜಿಯ ದಿನದಿಂದಲೇ. ವರದಿಗೆ ಉತ್ತರ ಕೊಡಲು 6 ತಿಂಗಳು ಇದೆ, ಕೇಳಿಕೊಂಡರೆ ಇನ್ನೂ 3 ತಿಂಗಳು. ಕೊನೆಯ ವಾರದವರೆಗೆ ಕಾಯಬೇಡಿ.

ಹೊಸ ಸುಧಾರಣೆಗೆ ಸೆಕ್ಷನ್ 54ರ ‘ಪೇಟೆಂಟ್ ಆಫ್ ಅಡಿಷನ್’, ಅಂದರೆ ಮೂಲ ಪೇಟೆಂಟಿಗೆ ಜೋಡಿಸುವ ಪೇಟೆಂಟ್, ನೋಡಿ. ಇದು ಒಳ್ಳೆಯ ಸವಲತ್ತು, ಬಳಸುವವರು ಕಡಿಮೆ ಎಂಬುದೇ ನನ್ನ ಬೇಸರ. ಮೂಲ ಪೇಟೆಂಟಿನ ಜೊತೆಗೇ ಅದೂ ಮುಗಿಯುತ್ತದೆ, ಮೂಲದ್ದು ಜೀವಂತ ಇರುವವರೆಗೆ ಬೇರೆ ನವೀಕರಣ ಶುಲ್ಕ ಇಲ್ಲ. ಸುಧಾರಣೆ ಮೂಲ ಆವಿಷ್ಕಾರದಿಂದ ಸುಲಭವಾಗಿ ಹೊಳೆಯುವಂಥದ್ದು ಎಂಬ ಒಂದೇ ಕಾರಣಕ್ಕೆ ಅದನ್ನು ರದ್ದು ಮಾಡುವಂತಿಲ್ಲ ಎಂದು ಸೆಕ್ಷನ್ 56 ಹೇಳುತ್ತದೆ. ಬದಿಯಡ್ಕದವರು ಅಮೆರಿಕದಲ್ಲಿ ಪಡುವ ಕಷ್ಟಕ್ಕೆ ನಮ್ಮ ಕಾಯ್ದೆ ಕೊಟ್ಟ ಉತ್ತರ ಇದು ಎನ್ನಬಹುದು. ನೀವು ಒಬ್ಬರೇ ಹಾಕುವುದಾದರೆ ಆನ್‌ಲೈನ್ ಅರ್ಜಿಗೆ 1,600 ರೂಪಾಯಿ, ಪರೀಕ್ಷೆಯ ಕೋರಿಕೆಗೆ 4,000 ರೂಪಾಯಿ. ಕ್ಲೇಮ್ 10ಕ್ಕಿಂತ, ಪುಟ 30ಕ್ಕಿಂತ ಹೆಚ್ಚಾದರೆ ಮೇಲೆ ಸೇರುತ್ತದೆ.

ಒಂದು ಎಚ್ಚರಿಕೆ: ಹೊಸ ಸುಧಾರಣೆಯನ್ನು ಡಿವಿಷನಲ್ ಒಳಗೆ ಸೇರಿಸಬೇಡಿ. ಮೊದಲ ವಿವರಣೆಯಲ್ಲಿ ಇಲ್ಲದ್ದನ್ನು ಅಲ್ಲಿ ತರುವಂತಿಲ್ಲ.

ಪ್ರಶ್ನೆ: ನಾನು ಕುಂಬಳೆ ಕಡೆಯ ಹುಡುಗಿ, ಹತ್ತನೆಯವರೆಗೆ ಕನ್ನಡ ಮಾಧ್ಯಮ. ಈಗ ಇಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಕೊನೆಯ ವರ್ಷ. ಬೇರೆಯವರ ಪರವಾಗಿ ಪೇಟೆಂಟ್ ಅರ್ಜಿ ನಡೆಸುವ ಪೇಟೆಂಟ್ ಏಜೆಂಟ್ ಆಗಲು ಲಾ ಓದಲೇಬೇಕಾ? ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ.
— ಓದುಗಿ, ಕುಂಬಳೆ

ಉತ್ತರ: ಲಾ ಬೇಡಮ್ಮ. ಭಾರತದ ಪ್ರಜೆಯಾಗಿರಬೇಕು, 21 ವರ್ಷ ತುಂಬಿರಬೇಕು, ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಇರಬೇಕು. ಪರೀಕ್ಷೆಯಲ್ಲಿ ಎರಡು ಪೇಪರ್, ಆಮೇಲೆ ವೈವಾ. ಪ್ರತಿ ಪೇಪರಿನಲ್ಲಿ ಕನಿಷ್ಠ 50 ಅಂಕ, ಒಟ್ಟಿನಲ್ಲಿ ಶೇಕಡಾ 60 ಬೇಕು. ಇಂಗ್ಲಿಷ್ ಚಂದ ಇರಬೇಕಾಗಿಲ್ಲ, ಖಚಿತ ಇರಬೇಕು. ನಾನೂ ಕನ್ನಡ ಮಾಧ್ಯಮದವಳೇ. ಮೊದಲ ವರ್ಷ ಪ್ರತಿ ಕ್ಲೇಮನ್ನೂ ಕನ್ನಡದಲ್ಲಿ ಬಿಡಿಸಿ ಬರೆದುಕೊಳ್ಳುತ್ತಿದ್ದೆ: ಯಾರು ಮಾಡುತ್ತಾರೆ, ಏನು ಮಾಡುತ್ತಾರೆ, ಯಾವುದರ ಮೇಲೆ, ಯಾವಾಗ. ಎರಡು ಕ್ಲೇಮನ್ನು ಹಾಗೆ ಪಕ್ಕಪಕ್ಕ ಬರೆದರೆ ಎಲ್ಲಿ ಬೇರೆಯಾಗುತ್ತವೆ ಎಂದು ತಕ್ಷಣ ಕಾಣುತ್ತದೆ. ಈಗಲೂ ಗಟ್ಟಿ ಕೇಸು ಬಂದರೆ ಹಾಗೇ ಮಾಡುತ್ತೇನೆ. ಈ ವಾರವೇ ಯಾವುದಾದರೂ ಒಂದು ಪೇಟೆಂಟಿನ ಮೊದಲ ಕ್ಲೇಮ್ ತೆಗೆದುಕೊಂಡು ಬರೆದು ನೋಡು, ಬೇಕಿದ್ದರೆ ನನಗೆ ಕಳಿಸು, ತಿದ್ದಿ ಕೊಡುತ್ತೇನೆ.