ಬೆನ್ನ ಹಿಂದೆ ತುಂಬಿದ ನೀರು

ಪ್ರಿಯ ತಂಗಿ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಉಳಿದ ಓದುಗರಿಗಾಗಿ ವಿಷಯ ಹೇಳಿಬಿಡುತ್ತೇನೆ. ನೀವು ಶಿರಸಿ ಕಡೆಯ ಅಡಿಕೆ ತೋಟದ ಮನೆಯವರು. ಈಗ ಕಾರವಾರದ ಕೋಡಿಬಾಗದಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗದಲ್ಲಿ ಎಂ.ಎಸ್ಸಿ. ಓದುತ್ತಿದ್ದೀರಿ. ಅಮಾವಾಸ್ಯೆಯ ದಿನ ಸಮುದ್ರದ ನೀರು ಇಳಿಯುವ ಹೊತ್ತು ನೋಡಿಕೊಂಡು ಕಾಳಿ ನದಿಯ ಮರಳು ದಿಬ್ಬಕ್ಕೆ ಬಳಚು (ತಿನ್ನುವ ಚಿಪ್ಪುಜೀವಿ) ಎಣಿಸಲು ಹೋದಿರಿ. ಎಣಿಸುತ್ತಾ ಮೈಮರೆತಿರಿ. ನೀರು ಬಂತು. ಅಲ್ಲೇ ಬಳಚು ಹೆಕ್ಕುತ್ತಿದ್ದ ಅಜ್ಜಿಯೊಬ್ಬರು ಕೊಂಕಣಿಯಲ್ಲಿ ಕೂಗಿ, ಕೈ ಹಿಡಿದು ದಡ ಮುಟ್ಟಿಸಿದರು. ಅಳತೆಯ ಚೌಕಟ್ಟು ನೀರುಪಾಲಾಯಿತು, ಲೆಕ್ಕ ಅರ್ಧಕ್ಕೆ ನಿಂತಿತು. "ಬೇರೆಯವರ ಕ್ಯಾಂಪಸ್ ನೆನಪಲ್ಲಿ ಗ್ಯಾದರಿಂಗ್ ಇರುತ್ತೆ, ಚುನಾವಣೆ ಇರುತ್ತೆ. ನನ್ನ ಹತ್ತಿರ ಇರೋದು ಈ ತಪ್ಪು ಮಾತ್ರ. ಇದನ್ನ ಬರೀಬಹುದಾ?" ಅಂತ ಕೇಳಿದ್ದೀರಿ.

ಬರೆಯಲೇಬೇಕು.

ದಿಬ್ಬದ ಮೇಲೆ ನಿಂತವರ ಕಣ್ಣು ಸಮುದ್ರದ ಕಡೆಗೇ ಇರುತ್ತದೆ. ನೀರು ಮೊದಲು ತುಂಬುವುದು ಬೆನ್ನ ಹಿಂದಿನ ತಗ್ಗನ್ನು. ಅಮಾವಾಸ್ಯೆ, ಹುಣ್ಣಿಮೆಗೆ ಅದು ಜಾಸ್ತಿ ದೂರ ಇಳಿಯುತ್ತದೆ, ಅಷ್ಟೇ ಜೋರಾಗಿ ವಾಪಸ್ ಬರುತ್ತದೆ. ಇದೆಲ್ಲ ನೀವು ಓದಿದ್ದೇ, ಅಲ್ವಾ? ಅಜ್ಜಿ ಅದನ್ನು ಸೊಂಟದ ಮಟ್ಟದ ನೀರಲ್ಲಿ ನಿಂತು ಕಲಿತವರು.

ನನ್ನದು ನಿಮ್ಮದಕ್ಕೆ ತಿರುಗಾಮುರುಗಾ ಕಥೆ. ನಾನು ಕುಮಟಾ ಕಡೆಯವನು. ಅಘನಾಶಿನಿ ದಡದ ಮನೆ. ದೇವಿಮನೆ ಘಟ್ಟ ಹತ್ತಿ ಶಿರಸಿಯ ಅರಣ್ಯ ಕಾಲೇಜು ಸೇರಿದೆ. ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಇಂಗ್ಲಿಷ್ ತಡವರಿಸುತ್ತಿತ್ತು, ಕಾಡಿನ ಮರಗಳ ಹೆಸರೂ ಬರುತ್ತಿರಲಿಲ್ಲ. ಘಟ್ಟದ ಮೇಲಿನ ಹುಡುಗರು ಎಲೆ ಹಿಸುಕಿ, ಮೂಸಿ, ಇಂಥ ಮರ ಅಂತ ಹೇಳಿಬಿಡುತ್ತಿದ್ದರು.

ಒಂದು ದಿನ ಸಿದ್ದಾಪುರ ತಾಲೂಕಿನ ಕತ್ತಲೆಕಾನಿಗೆ ಕರೆದುಕೊಂಡು ಹೋದರು. ಅಲ್ಲಿ ರಾಮಪತ್ರೆ ಜಡ್ಡಿ ಇದೆ. ರಾಮಪತ್ರೆ ಜಾತಿಯ ಮರಗಳು ವರ್ಷವಿಡೀ ನೀರಲ್ಲಿ, ಕೆಸರಲ್ಲಿ ನಿಂತಿರುವ ಜಾಗ. ಮಧ್ಯಾಹ್ನವೂ ಮಬ್ಬು. ಬೇರುಗಳು ಕೆಸರಿನಿಂದ ಮೇಲೆದ್ದು, ಮಂಡಿ ಮಡಚಿದ ಹಾಗೆ ಬಾಗಿ, ಮತ್ತೆ ಕೆಸರಿಗೇ ಇಳಿದಿದ್ದವು. "ಬೇರು ಯಾಕೆ ಮೇಲೆ ಬಂದಿದೆ?" ಮೇಷ್ಟ್ರು ಕೇಳಿದರು. ಎಲ್ಲರೂ ಸುಮ್ಮನಿದ್ದರು. ನನಗೆ ಮನೆ ಹಿಂದಿನ ಕಾಂಡ್ಲ ಕಾಡು, ಅಂದರೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡು, ಕಣ್ಣ ಮುಂದೆ ಬಂತು. ಅಲ್ಲಿ ಒಂದು ಜಾತಿಯ ಗಿಡದ ಬೇರು ಬೆರಳಿನ ಹಾಗೆ ಕೆಸರಿನ ಮೇಲೆ ನಿಂತಿರುತ್ತದೆ. ಚಿಕ್ಕವನಿದ್ದಾಗ ಅದನ್ನು ತುಳಿದು ಓಡಾಡುತ್ತಿದ್ದರೆ ಆಯಿ ಬೈಯುತ್ತಿದ್ದಳು: "ಮೆಟ್ಟಬೇಡ, ಅದು ಗಿಡದ ಮೂಗು."

ಅದನ್ನೇ ಹೇಳಿಬಿಟ್ಟೆ, ಕನ್ನಡದಲ್ಲೇ. ಮೇಷ್ಟ್ರು ಕೆಸರು ದಾಟಿ ನನ್ನ ಪಕ್ಕಕ್ಕೆ ಬಂದು ನಿಂತರು. "ಇನ್ನೂ ಹೇಳು" ಅಂದರು. ಆಮೇಲೆ ಎಲ್ಲರಿಗೂ ವಿವರಿಸಿದರು: ನೀರು ನಿಂತ ಮಣ್ಣಲ್ಲಿ ಗಾಳಿ ಸಾಲದು, ಉಸಿರಿಗಾಗಿ ಬೇರು ಮೇಲೆ ಬರುತ್ತದೆ. ಘಟ್ಟದ ಮೇಲಿನ ಜಡ್ಡಿಗೂ ಕಡಲಂಚಿನ ಕಾಂಡ್ಲಕ್ಕೂ ಒಂದೇ ಕಷ್ಟ.

ಆ ವರ್ಷದ ಗ್ಯಾದರಿಂಗ್‌ನಲ್ಲಿ ಏನಾಯಿತೋ ನನಗೆ ನೆನಪಿಲ್ಲ. "ಇನ್ನೂ ಹೇಳು" ಅಂದ ದನಿ ಈಗಲೂ ಕಿವಿಯಲ್ಲಿದೆ.

ಈಗ ನಿಮ್ಮ ಪತ್ರದ ಬಗ್ಗೆ ಒಂದು ದೂರು. ಕಳೆದುಹೋದ ಚೌಕಟ್ಟಿನ ಬಗ್ಗೆ ಒಂದು ಪುಟ ಬರೆದಿದ್ದೀರಿ. ಅಜ್ಜಿಗೆ ಎರಡೇ ಸಾಲು. ಅವರು ನಿಮ್ಮನ್ನು ನೇರವಾಗಿ ಕರೆತಂದರಾ, ಸುತ್ತು ಹಾಕಿಸಿದರಾ? ಎಲ್ಲಿ ಆಳ, ಎಲ್ಲಿ ಗಟ್ಟಿ ನೆಲ ಅಂತ ಪಾದದಲ್ಲೇ ತಡವಿ ನೋಡಿದರಾ? ಕಾಳಿಯ ಮೇಲ್ಭಾಗದ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಬಳಚಿಗೆ ಏನಾಗುತ್ತದೆ ಅಂತ ಅವರನ್ನು ಕೇಳಿದರೆ ಏನು ಹೇಳಬಹುದು? ನೀವು ನಿಂತಿದ್ದ ದಿಬ್ಬಕ್ಕೆ ಅವರ ಮಾತಲ್ಲಿ ಒಂದು ಹೆಸರು ಇದ್ದೇ ಇರುತ್ತದೆ.

ಮುಂದಿನ ಹುಣ್ಣಿಮೆಯ ಇಳಿತಕ್ಕೆ ಮತ್ತೆ ಹೋಗಿ. ದಯವಿಟ್ಟು ಒಬ್ಬರೇ ಹೋಗಬೇಡಿ, ಕೊಂಕಣಿ ಬರುವ ಗೆಳತಿಯನ್ನು ಕರೆದುಕೊಂಡು ಹೋಗಿ. ಅಜ್ಜಿ ಸಿಕ್ಕರೆ ಅವರ ಜೊತೆ ಸ್ವಲ್ಪ ಹೊತ್ತು ಬಳಚು ಹೆಕ್ಕಿ, ಆಮೇಲೆ ಕೇಳಿ. ನಿಮ್ಮ ಬರಹಕ್ಕೆ ಎರಡು ಪುಟ ತೆಗೆದಿಟ್ಟಿದ್ದೇನೆ. ದಿಬ್ಬದ ಹೆಸರನ್ನೇ ತಲೆಬರಹ ಮಾಡೋಣ.

ನಿಮ್ಮ,
ಸಂಪಾದಕ